30 ದಿನದ ಕುಕೀ ಇಟ್ಟರೂ ಅರ್ಧ ಗಂಟೆಗೇ ಲಾಗೌಟ್! ಆ್ಯಪ್ ತಪ್ಪೋ, ಪಿಎಚ್‌ಪಿ ತಪ್ಪೋ?

ಘಟ್ಟದ_ಕೋಡರ್ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಒಂದು ಸಣ್ಣ ಅಡಿಕೆ ಸಂಘಕ್ಕೆ ಆ್ಯಪ್ ಮಾಡಿಕೊಟ್ಟಿದ್ದೇನೆ. ನಾನೊಬ್ಬನೇ. ಆ್ಯಪ್ ಕೋಟ್ಲಿನ್‌ನಲ್ಲಿದೆ, ಹಿಂದೆ ಇರುವುದು ಹಳೇ ಪಿಎಚ್‌ಪಿ ಸೈಟು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಹೀಗೆ ಅಡಿಕೆಯ ಬಗೆಬಗೆಯ ರೇಟು ಆ್ಯಪ್‌ನಲ್ಲೇ ಕಾಣುತ್ತದೆ. ಸದಸ್ಯರ ಖಾತೆ, ಹಾಕಿದ ಲಾಟು, ಮುಂಗಡದ ಲೆಕ್ಕ ಎಲ್ಲ ಹಳೇ ವೆಬ್ ಪುಟಗಳು. ಅವನ್ನು ಆ್ಯಪ್ ಒಳಗೇ ವೆಬ್‌ವ್ಯೂನಲ್ಲಿ ತೆರೆಯುತ್ತೇನೆ. ಲಾಗಿನ್‌ಗೆ ಮೊಬೈಲ್ ನಂಬರ್ ಮತ್ತು ಒಟಿಪಿ.

ತೊಂದರೆ ಏನಂದರೆ, ಬೆಳಗ್ಗೆ ಲಾಗಿನ್ ಆದವರು ಮಧ್ಯಾಹ್ನ ಟೆಂಡರ್ ರೇಟು ನೋಡೋಣ ಅಂತ ತೆರೆದರೆ ಮತ್ತೆ ನಂಬರ್ ಕೇಳುತ್ತದೆ. ತೋಟದಲ್ಲಿ ನಿಂತವರಿಗೆ ಒಟಿಪಿ ಬರುವುದಿಲ್ಲ. ಬಂದರೆ ಹತ್ತು ನಿಮಿಷ ಬಿಟ್ಟು ಮೂರೂ ಒಟ್ಟಿಗೇ ಬರುತ್ತವೆ. ಮೊದಲನೆಯದನ್ನು ಹಾಕುತ್ತಾರೆ, ತಪ್ಪು ಅನ್ನುತ್ತದೆ. ಆಮೇಲೆ ನನಗೆ ಫೋನು. "ತಮಾ, ನಿನ್ನ ಆ್ಯಪ್ ನನ್ನ ಗುರ್ತೇ ಹಿಡಿಯೂದಿಲ್ಲ" ಅಂತ.

ಲಾಗಿನ್ ನೆನಪಿಡುವ ಕುಕೀಗೆ 30 ದಿನ ಆಯುಷ್ಯ ಕೊಟ್ಟಿದ್ದೇನೆ. ಫೋನ್‌ನಲ್ಲಿ ನೋಡಿದರೆ ಕುಕೀ ಅಲ್ಲೇ ಇದೆ. ಆದರೂ ಒಮ್ಮೆ 25 ನಿಮಿಷಕ್ಕೆ ಹೋಗುತ್ತದೆ, ಒಮ್ಮೆ 50 ನಿಮಿಷಕ್ಕೆ. ಲೆಕ್ಕವೇ ಸಿಗುತ್ತಿಲ್ಲ. ಯಾರಾದರೂ ನೋಡಿದ್ದೀರಾ?

ರಾತ್ರಿ_ಪಾಳಿ · ಸೋಮವಾರ, ರಾತ್ರಿ 10:15

ಸರ್ವರ್ ಉಬುಂಟು ಅಲ್ವಾ? ಹಾಗಿದ್ದರೆ ಲೆಕ್ಕ ಸಿಗುತ್ತದೆ.

ದೇವಸ್ಥಾನದ ಚಪ್ಪಲಿ ಸ್ಟ್ಯಾಂಡು ನೆನಪು ಮಾಡಿಕೊಳ್ಳಿ. ನಿಮ್ಮ ಕೈಯಲ್ಲಿ ಟೋಕನ್ ಇದೆ. ಅದೇ ಕುಕೀ. ಚಪ್ಪಲಿ ಇರುವುದು ಅವರ ಗೂಡಿನಲ್ಲಿ. ಅದು ಸೆಷನ್ ಫೈಲು, ಅಂದರೆ ನೀವು ಲಾಗಿನ್ ಆಗಿದ್ದೀರಿ ಅಂತ ಸರ್ವರ್ ಬರೆದಿಟ್ಟ ಲೆಕ್ಕ. ನೀವು ಟೋಕನ್ನನ್ನು 30 ದಿನ ಜೋಪಾನ ಮಾಡಿದ್ದೀರಿ, ಸರಿ. ಆದರೆ ಸ್ಟ್ಯಾಂಡಿನವನು ಅರ್ಧ ಗಂಟೆಗೊಮ್ಮೆ ಗೂಡು ಖಾಲಿ ಮಾಡುತ್ತಿದ್ದಾನೆ.

ಪಿಎಚ್‌ಪಿಯಲ್ಲಿ ಸೆಷನ್ ಜಿಸಿ ಮ್ಯಾಕ್ಸ್‌ಲೈಫ್‌ಟೈಮ್ ಅಂತ ಒಂದು ಸೆಟ್ಟಿಂಗ್ ಇದೆ. ಯಾರೂ ಮುಟ್ಟದಿದ್ದರೆ ಅದು 1440 ಸೆಕೆಂಡ್. ಅಂದರೆ 24 ನಿಮಿಷ. ಡೆಬಿಯನ್, ಉಬುಂಟುಗಳಲ್ಲಿ ಹಳೇ ಸೆಷನ್ ಫೈಲು ಅಳಿಸುವ ಕೆಲಸವನ್ನು ಒಂದು ಟೈಮರ್ ಮಾಡುತ್ತದೆ, ಪ್ರತಿ ಗಂಟೆಯ 9ನೇ ಮತ್ತು 39ನೇ ನಿಮಿಷಕ್ಕೆ. ಹಾಗಾಗಿ ನಿಮ್ಮ ಬಳಕೆದಾರ ಸುಮ್ಮನೆ ಕೂತ ಮೇಲೆ 24 ನಿಮಿಷದಿಂದ 54 ನಿಮಿಷದ ಒಳಗೆ ಯಾವಾಗ ಬೇಕಾದರೂ ಹೊರಗೆ ಬೀಳಬಹುದು. ನಿಮ್ಮ 25, 50 ಎರಡೂ ಅದರೊಳಗೇ ಕೂರುತ್ತವೆ ನೋಡಿ.

ಕಿಟಕಿಪಕ್ಕ · ಸೋಮವಾರ, ರಾತ್ರಿ 10:22

ಹಾಗಾದರೆ ಆ 1440 ತೆಗೆದು 30 ದಿನದ ಸೆಕೆಂಡ್ ಹಾಕಿದರೆ ಕತೆ ಮುಗೀತಲ್ವಾ? 😀

ರಾತ್ರಿ_ಪಾಳಿ · ಸೋಮವಾರ, ರಾತ್ರಿ 10:31

ಇವತ್ತಿಗೆ ಮುಗಿಯುತ್ತದೆ. ಆದರೆ ಶೇರ್ಡ್ ಹೋಸ್ಟಿಂಗ್ ಆಗಿದ್ದು, ಎರಡು ಸೈಟುಗಳು ಸೆಷನ್ ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿ ಇಡುತ್ತಿದ್ದರೆ, ಪಕ್ಕದ ಸೈಟಿನ 24 ನಿಮಿಷದ ಪೊರಕೆ ನಿಮ್ಮ ಫೈಲನ್ನೂ ಗುಡಿಸುತ್ತದೆ. ಅದೂ ಅಲ್ಲದೆ, ಒಮ್ಮೆ ಬಂದು ಹೋದ ಪ್ರತಿಯೊಬ್ಬರ ಫೈಲೂ ತಿಂಗಳುಗಟ್ಟಲೆ ಬಿದ್ದಿರುತ್ತದೆ.

ವೆಬ್ ಸೆಷನ್ನು ಚಿಕ್ಕದಾಗಿಯೇ ಇರಲಿ. ತುಂಬಾ ದಿನ ನೆನಪಿಡುವ ಕೆಲಸ ಆ್ಯಪ್‌ಗೆ ಕೊಡಿ.

ಜೋಳದರೊಟ್ಟಿ · ಸೋಮವಾರ, ರಾತ್ರಿ 11:05

ಆಂಡ್ರಾಯ್ಡ್ ಕಡೆಯಿಂದ ನಾ ಹೇಳ್ತೀನಿ ನೋಡ್ರಿ. ನಿಮ್ಮ ಆ್ಯಪ್‌ನಲ್ಲಿ ಕುಕೀ ಡಬ್ಬಿ ಒಂದಲ್ಲ, ಎರಡಿವೆ. ವೆಬ್‌ವ್ಯೂ ತನ್ನ ಕುಕೀ ಮ್ಯಾನೇಜರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಸರ್ವರ್‌ನಿಂದ ರೇಟು ತರುವ ಲೈಬ್ರರಿ ಓಕೆಎಚ್‌ಟಿಟಿಪಿ ಬೇರೆ. ಅದಕ್ಕೆ ಕುಕೀ ಜಾರ್ ಕೊಡದಿದ್ದರೆ ಅದು ಏನನ್ನೂ ನೆನಪಿಡುವುದಿಲ್ಲ. ಮೆಮೊರಿ ಜಾರ್ ಕೊಟ್ಟರೆ, ಫೋನು ಆ್ಯಪ್‌ ಅನ್ನು ಹಿನ್ನೆಲೆಯಲ್ಲಿ ಕೊಂದಾಗ ಅದೂ ಹೋಯ್ತು. 3 ಜಿಬಿ ರ‍್ಯಾಮಿನ ಫೋನಿನಲ್ಲಿ ಕ್ಯಾಮೆರಾ ತೆರೆದರೂ ಸಾಕು, ನಿಮ್ಮ ಆ್ಯಪ್ ಸತ್ತಿರುತ್ತದೆ.

ಎರಡು ಡಬ್ಬಿಗಳ ನಡುವೆ ಕುಕೀ ಸಾಗಿಸುವ ಕೋಡ್ ಬರೆಯಲು ಹೋಗಬೇಡಿ. ನಾನು ಬರೆದೆ. ಎರಡು ವರ್ಷ ಅದನ್ನೇ ರಿಪೇರಿ ಮಾಡಿದೆ.

ಬೀಗದಕೈ · ಮಂಗಳವಾರ, ಬೆಳಗ್ಗೆ 7:50

ಜೆಡಬ್ಲ್ಯೂಟಿ ಬಳಸಿ. ಸರ್ವರ್ ಸಹಿ ಹಾಕಿ ಕೊಡುವ ಟೋಕನ್ ಅದು, 2015ರಿಂದ ಇಂಟರ್ನೆಟ್ ಸ್ಟ್ಯಾಂಡರ್ಡ್, ಆರ್‌ಎಫ್‌ಸಿ 7519. ಪ್ರತಿ ರಿಕ್ವೆಸ್ಟಿನ ಜೊತೆ ತೋರಿಸಲು 15 ನಿಮಿಷದ ಆ್ಯಕ್ಸೆಸ್ ಟೋಕನ್, ಜೊತೆಗೆ, ಅದು ಮುಗಿದಾಗ ಹೊಸದು ತರಲು ಒಂದು ದೀರ್ಘ ಕಾಲದ ರಿಫ್ರೆಶ್ ಟೋಕನ್. ಸರ್ವರ್‌ನಲ್ಲಿ ಸೆಷನ್ ಇಡುವ ಗೋಜೇ ಇಲ್ಲ.

ರಾತ್ರಿ_ಪಾಳಿ · ಮಂಗಳವಾರ, ಬೆಳಗ್ಗೆ 8:12

ಎರಡು ಟೋಕನ್ ಅನ್ನುವುದು ಸರಿ. ಜೆಡಬ್ಲ್ಯೂಟಿ ಯಾಕೆ? ಅವರಿಗಿರುವುದು ಒಂದೇ ಸರ್ವರ್, ಒಂದೇ ಡೇಟಾಬೇಸ್. ಸದಸ್ಯರ ಫೋನ್ ಕಳೆದುಹೋಗಿ ಸಂಘಕ್ಕೆ ಬಂದು "ಅದನ್ನು ಬಂದ್ ಮಾಡಿ" ಅಂದರೆ, ಟೇಬಲ್‌ನಿಂದ ಒಂದು ಸಾಲು ಅಳಿಸಿದರೆ ಆಯ್ತು. ಜೆಡಬ್ಲ್ಯೂಟಿ ಆದರೆ ಅವಧಿ ಮುಗಿಯುವವರೆಗೆ ಅದು ಓಡುತ್ತಲೇ ಇರುತ್ತದೆ. ಇಲ್ಲಾಂದ್ರೆ ರದ್ದಾದವುಗಳ ಪಟ್ಟಿ ಇಡಬೇಕು. ಪಟ್ಟಿ ಇಟ್ಟ ಮೇಲೆ ಮತ್ತೆ ಡೇಟಾಬೇಸ್ ಬಂತಲ್ಲ!

ನನ್ನ ಸಲಹೆ: 32 ಬೈಟಿನ ರ‍್ಯಾಂಡಮ್ ಸ್ಟ್ರಿಂಗ್. ಡೇಟಾಬೇಸಿನಲ್ಲಿ ಅದರ ಎಸ್‌ಎಚ್‌ಎ-256 ಹ್ಯಾಶ್ (ಹಿಂದಕ್ಕೆ ಬಿಡಿಸಲಾಗದ ಗುರುತು) ಮಾತ್ರ ಇಡಿ, ಮೂಲ ಟೋಕನ್ ಬೇಡ. ಜೊತೆಗೆ ಯಾವ ಫೋನು, ಯಾವಾಗ ಕೊಟ್ಟಿದ್ದು, ಕೊನೆಗೆ ಯಾವಾಗ ಬಂತು. ಅಷ್ಟೇ.

ಬೀಗದಕೈ · ಮಂಗಳವಾರ, ಬೆಳಗ್ಗೆ 8:20

ಒಂದೇ ಸರ್ವರ್ ಅನ್ನುವುದಾದರೆ ಒಪ್ಪಿದೆ. ಹತ್ತು ಸರ್ವೀಸ್ ಇದ್ದಿದ್ದರೆ ಬಿಡುತ್ತಿರಲಿಲ್ಲ.

ಘಟ್ಟದ_ಕೋಡರ್ · ಗುರುವಾರ, ಮಧ್ಯರಾತ್ರಿ 12:30

ಎರಡು ಟೋಕನ್ ಮಾಡಿದೆ, ರಿಫ್ರೆಶ್ ಟೋಕನ್ನಿಗೆ 60 ದಿನ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ಲೈವ್ ಸರ್ವರ್‌ಗೆ ಹಾಕಿದರೆ ಪ್ರತಿ ರಿಕ್ವೆಸ್ಟಿಗೂ 401, ಅಂದರೆ "ನೀನು ಯಾರು ಗೊತ್ತಿಲ್ಲ". ಟೋಕನ್ ಹೊತ್ತ ಆಥರೈಸೇಶನ್ ಹೆಡರ್ ಪಿಎಚ್‌ಪಿಗೆ ಬರುತ್ತಲೇ ಇಲ್ಲ. ಆ್ಯಪ್ ಕಳಿಸುತ್ತಿದೆ, ನಾನು ಕಣ್ಣಾರೆ ನೋಡಿದ್ದೇನೆ.

ರಾತ್ರಿ_ಪಾಳಿ · ಗುರುವಾರ, ಮಧ್ಯರಾತ್ರಿ 12:41

ನಿಮ್ಮ ವೆಬ್ ಸರ್ವರ್ ಅಪಾಚೆ ನುಂಗುತ್ತಿದೆ. ಸಿಜಿಐ ಅಥವಾ ಎಫ್‌ಪಿಎಂ ಮೂಲಕ ಪಿಎಚ್‌ಪಿ ಓಡಿಸಿದಾಗ ಅದು ಆ ಹೆಡರನ್ನು ಮುಂದಕ್ಕೆ ಬಿಡದೇ ಇರಬಹುದು. ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ಸಿಜಿಐ ಪಾಸ್ ಆಥ್ ಆನ್ ಅಂತ ಒಂದು ಸಾಲು ಹಾಕಿ, ಅಪಾಚೆ 2.4.13 ಅಥವಾ ಅದರ ನಂತರದ್ದಾದರೆ ಸಾಕು. ಹಾಕಿ ಮಲಗಿ.

ಘಟ್ಟದ_ಕೋಡರ್ · ಗುರುವಾರ, ಮಧ್ಯರಾತ್ರಿ 12:48

ಬಂತು! ನಾಲ್ಕು ಗಂಟೆ ಹಾಳು ಮಾಡಿದ್ದೆ.

ಈಗ ಖಾತೆ ಪುಟದ ಪ್ರಶ್ನೆ. ವೆಬ್‌ವ್ಯೂ ತೆರೆಯುವಾಗ ಯುಆರ್‌ಎಲ್‌ನಲ್ಲೇ ಟೋಕನ್ ಹಾಕಿ ಕಳಿಸಿಬಿಡಲಾ?

ಬೀಗದಕೈ · ಗುರುವಾರ, ಬೆಳಗ್ಗೆ 7:30

ಬೇಡವೇ ಬೇಡ. ಯುಆರ್‌ಎಲ್ ಅಂದರೆ ಊರೆಲ್ಲ ಓದುವ ಪೋಸ್ಟ್ ಕಾರ್ಡು. ಸರ್ವರ್ ಲಾಗ್‌ನಲ್ಲಿ ಬೀಳುತ್ತದೆ, ಹಿಸ್ಟರಿಯಲ್ಲಿ ಉಳಿಯುತ್ತದೆ, ರೆಫರರ್ ಆಗಿ ಬೇರೆ ಸೈಟಿಗೂ ಹೋಗಬಹುದು. 60 ದಿನ ಬದುಕುವ ಟೋಕನ್ ಅಲ್ಲಿ ಇರಲೇಬಾರದು.

ಜೋಳದರೊಟ್ಟಿ · ಗುರುವಾರ, ಬೆಳಗ್ಗೆ 9:10

ಹೆಡರ್‌ನಲ್ಲಿ ಕಳಿಸಿದರೂ ಉಪಯೋಗ ಇಲ್ರಿ. ಲೋಡ್ ಯುಆರ್‌ಎಲ್‌ಗೆ ಕೊಟ್ಟ ಹೆಡರ್ ಮೊದಲ ಪುಟಕ್ಕಷ್ಟೇ ಹೋಗುತ್ತದೆ. ಆ ಪುಟದಲ್ಲಿ ಒಂದು ಲಿಂಕ್ ಒತ್ತಿದರೆ ಹೆಡರ್ ಇಲ್ಲ, ಮತ್ತೆ ಲಾಗಿನ್ ಪುಟ.

ನಾವು ಮಾಡುವುದು ಹೀಗೆ. ಆ್ಯಪ್ ತನ್ನ ಟೋಕನ್ ತೋರಿಸಿ ಸರ್ವರ್ ಹತ್ತಿರ ಒಂದು ತಾತ್ಕಾಲಿಕ ಚೀಟಿ ಕೇಳುತ್ತದೆ. ಆ ಚೀಟಿ ಒಂದೇ ಸಲ ನಡೆಯುತ್ತದೆ, ಅದೂ 60 ಸೆಕೆಂಡಿನೊಳಗೆ. ವೆಬ್‌ವ್ಯೂ ಆ ಚೀಟಿ ಇರುವ ಯುಆರ್‌ಎಲ್ ತೆರೆಯುತ್ತದೆ. ಸರ್ವರ್ ಚೀಟಿ ಹರಿದು ಹಾಕಿ, ಮಾಮೂಲಿ ಸೆಷನ್ ಕುಕೀ ಕೊಟ್ಟು ಖಾತೆ ಪುಟಕ್ಕೆ ಕಳಿಸುತ್ತದೆ. ಕುಕೀಗೆ ಸೆಕ್ಯೂರ್, ಎಚ್‌ಟಿಟಿಪಿ ಓನ್ಲಿ ಎರಡೂ ಇರಲಿ. ಲಾಗ್‌ನಲ್ಲಿ ಚೀಟಿ ಬಿದ್ದರೂ ಅದು ಹರಿದ ಚೀಟಿ.

ಇನ್ನೂ ಒಂದು ಮಜಾ ಇದೆ. ಅರ್ಧ ಗಂಟೆ ಬಿಟ್ಟು ಆ ಸೆಷನ್ ಸತ್ತಾಗ ಸರ್ವರ್ ಲಾಗಿನ್ ಪುಟಕ್ಕೆ ತಳ್ಳುತ್ತದಲ್ಲ, ಅದನ್ನು ವೆಬ್‌ವ್ಯೂ ಕ್ಲೈಂಟ್‌ನಲ್ಲಿ ಹಿಡಿಯಿರಿ. ಲಾಗಿನ್ ಪುಟ ತೋರಿಸಬೇಡಿ, ಹಿಂದಿನಿಂದ ಹೊಸ ಚೀಟಿ ತಂದು ಅದೇ ಪುಟ ಮತ್ತೆ ತೆರೆಯಿರಿ. ನಿಮ್ಮ 1440 ಹಾಗೇ ಇರಲಿ ಬಿಡಿ, ಬಳಕೆದಾರನಿಗೆ ಗೊತ್ತೇ ಆಗುವುದಿಲ್ಲ.

ಕಿಟಕಿಪಕ್ಕ · ಗುರುವಾರ, ಬೆಳಗ್ಗೆ 9:25

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಆ್ಯಪ್‌ನಲ್ಲಿ ಗೂಗಲ್ ಲಾಗಿನ್ ಇದೆ. ಅದನ್ನೂ ವೆಬ್‌ವ್ಯೂನಲ್ಲೇ ತೆರೆಯಬಹುದಾ?

ಸೇಬು_ಸಾಲ · ಗುರುವಾರ, ಬೆಳಗ್ಗೆ 9:40

ಇಲ್ಲ. ಗೂಗಲ್ 2017ರಿಂದಲೇ ಅದನ್ನು ತಡೆಯಲು ಶುರು ಮಾಡಿತು. ವೆಬ್‌ವ್ಯೂನಲ್ಲಿ ಬಳಕೆದಾರ ಒತ್ತಿದ ಪ್ರತಿ ಅಕ್ಷರವನ್ನೂ ಆ್ಯಪ್ ಓದಬಹುದು, ಅದಕ್ಕೇ. ಅದೇ ವರ್ಷದ ಆರ್‌ಎಫ್‌ಸಿ 8252 ಕೂಡ ಹೊರಗಿನ ಬ್ರೌಸರ್ ಬಳಸಿ ಅನ್ನುತ್ತದೆ. ಆಂಡ್ರಾಯ್ಡ್‌ನಲ್ಲಿ ಕಸ್ಟಮ್ ಟ್ಯಾಬ್ಸ್, ಐಫೋನ್‌ನಲ್ಲಿ ಎಎಸ್ ವೆಬ್ ಆಥೆಂಟಿಕೇಶನ್ ಸೆಷನ್, ಜೊತೆಗೆ, ನಡುವೆ ಕದ್ದ ಲಾಗಿನ್ ಕೋಡ್ ಬೇರೆಯವರಿಗೆ ನಡೆಯದಂತೆ ಮಾಡುವ ಪಿಕೆಸಿಇ. ಉಳಿದದ್ದಕ್ಕೆ ಬೇರೆ ಥ್ರೆಡ್ ತೆಗೀರಿ, ಇಲ್ಲಿ ಅಡಿಕೆ ಮುಗೀಲಿ.

ಘಟ್ಟದ_ಕೋಡರ್ · ಎರಡು ವಾರದ ನಂತರ, ಭಾನುವಾರ ಸಂಜೆ 6:15

ಮತ್ತೆ ಬಂದೆ. ಚೀಟಿ ಉಪಾಯ ಬಹಳ ಚೆನ್ನಾಗಿ ನಡೆಯುತ್ತಿದೆ. ಖಾತೆ ಪುಟದ ಬಗ್ಗೆ ಒಂದು ಫೋನೂ ಬಂದಿಲ್ಲ.

ಆದರೆ ಈಗ ಹೊಸ ರೋಗ. ಕೆಲವರು ಪೂರ್ತಿ ಲಾಗೌಟ್ ಆಗುತ್ತಿದ್ದಾರೆ. ಎಲ್ಲರೂ ಅಲ್ಲ. ರಿಫ್ರೆಶ್ ಟೋಕನ್ನನ್ನು ಪ್ರತಿ ಸಲ ಬದಲಾಯಿಸುತ್ತೇನೆ. ಹಳೇದು ಮತ್ತೆ ಬಂದರೆ ಕಳ್ಳತನ ಅಂತ ತಿಳಿದು ಆ ಫೋನಿನ ಎಲ್ಲ ಟೋಕನ್ ರದ್ದು. ಒಆಥ್ ಅನ್ನುವ ಟೋಕನ್ ಸ್ಟ್ಯಾಂಡರ್ಡಿನ ಭದ್ರತೆಗೆ ಬಂದ 2025ರ ಆರ್‌ಎಫ್‌ಸಿ 9700 ನೋಡಿಯೇ ಮಾಡಿದ್ದು.

ರಾತ್ರಿ_ಪಾಳಿ · ಭಾನುವಾರ, ಸಂಜೆ 6:50

ಊಹೆ ಮಾಡುವುದು ಬೇಡ. ಸರ್ವರ್ ಯಾರನ್ನಾದರೂ ಹೊರಗೆ ಹಾಕಿದಾಗೆಲ್ಲ ಕಾರಣ ಬರೆದಿಡಿ. ಟೋಕನ್ ಬರಲೇ ಇಲ್ಲ, ಬಂದದ್ದು ಟೇಬಲ್‌ನಲ್ಲಿಲ್ಲ, ಅವಧಿ ಮುಗಿದಿತ್ತು, ಹಳೇದು ಮತ್ತೆ ಬಂತು. ಹೀಗೆ ನಾಲ್ಕೈದು ಕಾರಣ ಸಾಕು. ಮೂರು ದಿನ ಬಿಟ್ಟು ಎಣಿಸಿ. ಬರೀ 401 ಅಂತ ಲಾಗ್ ಮಾಡಿದರೆ "ಜ್ವರ ಇತ್ತು" ಅಂತ ಬರೆದಂತೆ.

ಘಟ್ಟದ_ಕೋಡರ್ · ಗುರುವಾರ, ರಾತ್ರಿ 8:05

ಎಣಿಸಿದೆ. ಹೆಚ್ಚಿನವು "ಹಳೇದು ಮತ್ತೆ ಬಂತು". ಕಳ್ಳರೇ ತುಂಬಿದ್ದಾರಾ ಅಂತ ಗಾಬರಿ ಆಯ್ತು. ಒಬ್ಬರ ಲಾಗ್ ಬಿಡಿಸಿ ನೋಡಿದೆ.

ಮಧ್ಯಾಹ್ನ 2:10:07ಕ್ಕೆ ಫೋನು ರಿಫ್ರೆಶ್ ಕೇಳಿದೆ. ಸರ್ವರ್ ಹೊಸ ಟೋಕನ್ ಮಾಡಿ, ಹಳೇದನ್ನು ಕೊಂದು, ಉತ್ತರ ಕಳಿಸಿದೆ. ಆಮೇಲೆ 11 ನಿಮಿಷ ಮೌನ. 2:21:30ಕ್ಕೆ ಅದೇ ಫೋನು ಅದೇ ಹಳೇ ಟೋಕನ್ ಹಿಡಿದುಕೊಂಡು ಬಂದಿದೆ. ಸರ್ವರ್ "ಕಳ್ಳ" ಅಂತ ಎಲ್ಲ ರದ್ದು ಮಾಡಿದೆ.

ಅವರಿಗೇ ಫೋನ್ ಮಾಡಿ ಕೇಳಿದೆ. ಕುಮಟಾ ಬಸ್ಸಿನಲ್ಲಿದ್ದರಂತೆ. ದೇವಿಮನೆ ಘಟ್ಟ ಇಳಿಯುತ್ತಿದ್ದರು. ಒಂದು ತಿರುವಿನಲ್ಲಿ ಸಿಗ್ನಲ್ ಸಿಕ್ಕಿದೆ, ರಿಕ್ವೆಸ್ಟ್ ಹೋಗಿದೆ. ಉತ್ತರ ಬರುವಷ್ಟರಲ್ಲಿ ಬಸ್ಸು ಮುಂದಿನ ತಿರುವಿಗೆ ಹೋಗಿದೆ. ಹೊಸ ಟೋಕನ್ ಅವರ ಫೋನಿಗೆ ತಲುಪಲೇ ಇಲ್ಲ!

ಬೀಗದಕೈ · ಗುರುವಾರ, ರಾತ್ರಿ 8:30

ಹಾ. ರೊಟೇಶನ್ (ಟೋಕನ್ ಪ್ರತಿ ಸಲ ಬದಲಾಯಿಸುವ ಕೋಡ್) ಬರೆಯುವವರು ಆಫೀಸಿನ ವೈಫೈಯಲ್ಲಿ ಕೂತು ಬರೆದಿರುತ್ತೇವೆ. ನಾನೂ ಸೇರಿ.

ಸಾಮಾನ್ಯವಾಗಿ ಹಳೇ ಟೋಕನ್ನಿಗೆ 30 ಸೆಕೆಂಡೋ ಒಂದು ನಿಮಿಷವೋ ರಿಯಾಯಿತಿ ಕೊಡುತ್ತಾರೆ. ನಿಮ್ಮ ಘಟ್ಟಕ್ಕೆ ಅದು ಸಾಲದು. ರಿಯಾಯಿತಿಯನ್ನು 20 ನಿಮಿಷ ಮಾಡಿದರೆ ಕಳ್ಳನಿಗೂ 20 ನಿಮಿಷ ಸಿಕ್ಕಂತೆ.

ಗಡಿಯಾರ ಬಿಡಿ, ಬೇರೆ ಗುರುತು ಹಿಡಿಯಿರಿ. ಪ್ರತಿ ಟೋಕನ್ನಿಗೂ ಅದರ ತಾಯಿ ಯಾವುದು ಅಂತ ಟೇಬಲ್‌ನಲ್ಲಿ ಬರೆದಿಡಿ. ತಾಯಿ ಮತ್ತೆ ಬಂದಾಗ ನೋಡಿ, ಅದರ ಮರಿ ಒಮ್ಮೆಯಾದರೂ ಬಳಕೆಯಾಗಿದೆಯಾ? ಆಗಿಲ್ಲ ಅಂದರೆ ಮರಿ ಫೋನಿಗೆ ತಲುಪೇ ಇಲ್ಲ ಅಂತ ಲೆಕ್ಕ. ಆ ಮರಿಯನ್ನು ರದ್ದು ಮಾಡಿ, ಬೇರೆ ಮರಿ ಕೊಡಿ. ಮರಿ ಆಗಲೇ ಬಳಕೆಯಾಗಿ, ಆಮೇಲೆ ತಾಯಿ ಬಂದರೆ ಮಾತ್ರ ಅನುಮಾನ ಪಡಿ. ಬಳಕೆ ಅಂದಾಗ, ಆ ಮರಿಯ ಜೊತೆ ಕೊಟ್ಟ ಆ್ಯಕ್ಸೆಸ್ ಟೋಕನ್ ಬಂದರೂ ಬಳಕೆ ಅಂತಲೇ ಹಿಡಿಯಿರಿ.

ಘಟ್ಟದ_ಕೋಡರ್ · ಗುರುವಾರ, ರಾತ್ರಿ 8:44

ಅಂದರೆ ಬಸ್ಸು ಬಂಡಲದಲ್ಲಿ ಒಂದು ಗಂಟೆ ಕೆಟ್ಟು ನಿಂತರೂ ನಡೆಯುತ್ತದೆ!

ಬೀಗದಕೈ · ಗುರುವಾರ, ರಾತ್ರಿ 8:47

ಒಂದು ವಾರ ನಿಂತರೂ ನಡೆಯುತ್ತದೆ. ಪ್ರಯಾಣಿಕರ ಬಗ್ಗೆ ನಾನು ಹೇಳಲಾರೆ.

ಜೋಳದರೊಟ್ಟಿ · ಗುರುವಾರ, ರಾತ್ರಿ 9:20

ಇನ್ನೊಂದು ಕಡೆಯಿಂದಲೂ "ಹಳೇದು ಮತ್ತೆ" ಬರುತ್ತದೆ, ಅದನ್ನೂ ನೋಡಿಕೊಳ್ಳಿ. ಆ್ಯಪ್ ತೆರೆದ ತಕ್ಷಣ ಎಷ್ಟು ಎಪಿಐ ಕರೆಯುತ್ತೀರಿ? ರೇಟು, ನೋಟಿಸು, ಲಾಟು, ಪ್ರೊಫೈಲು. ನಾಲ್ಕಕ್ಕೂ ಒಟ್ಟಿಗೇ 401 ಬರುತ್ತದೆ. ನಾಲ್ಕೂ ಒಂದೇ ರಿಫ್ರೆಶ್ ಟೋಕನ್ ಹಿಡಿದು ಓಡುತ್ತವೆ. ಮೊದಲನೆಯದು ಗೆಲ್ಲುತ್ತದೆ, ಉಳಿದ ಮೂರು ಕಳ್ಳರಾಗುತ್ತವೆ.

ಓಕೆಎಚ್‌ಟಿಟಿಪಿ ಆಥೆಂಟಿಕೇಟರ್ ಒಳಗೆ ಒಂದು ಲಾಕ್ ಹಾಕಿ, ಒಮ್ಮೆಗೆ ಒಂದೇ ರಿಕ್ವೆಸ್ಟ್ ಒಳಗೆ ಹೋಗುವ ಹಾಗೆ. ಲಾಕ್ ಸಿಕ್ಕ ಮೇಲೆ ಸೀದಾ ರಿಫ್ರೆಶ್‌ಗೆ ಹೋಗಬೇಡಿ. ನಾನು ಕಾಯುವಾಗ ಬೇರೆಯವರು ಹೊಸ ಟೋಕನ್ ತಂದಿಟ್ಟರಾ ಅಂತ ಮೊದಲು ನೋಡಿ. ತಂದಿದ್ದರೆ ಅದನ್ನೇ ಬಳಸಿ. ಈ ಎರಡನೇ ಹೆಜ್ಜೆ ಮರೆತವರೇ ಜಾಸ್ತಿ. ಲಾಕ್ ಇರುತ್ತದೆ, ಆದರೆ ನಾಲ್ಕೂ ಸಾಲಾಗಿ ನಿಂತು ಒಂದಾದ ಮೇಲೊಂದು ರಿಫ್ರೆಶ್ ಮಾಡುತ್ತವೆ.

ಮತ್ತೆ ನಿಮ್ಮ ಆ್ಯಪ್‌ನಲ್ಲಿ ಯಾವಾಗ ಲಾಗೌಟ್ ಮಾಡುತ್ತೀರಿ? ಆ ಕೋಡ್ ತೋರಿಸಿ.

ಘಟ್ಟದ_ಕೋಡರ್ · ಗುರುವಾರ, ರಾತ್ರಿ 9:31

ತೋರಿಸಲು ನಾಚಿಕೆ ಆಗುತ್ತದೆ. ರಿಫ್ರೆಶ್ ಅನ್ನು ಟ್ರೈ ಒಳಗೆ ಇಟ್ಟಿದ್ದೇನೆ. ಏನೇ ತಪ್ಪಾದರೂ ಓಡುವ ಕ್ಯಾಚ್ ಒಳಗೆ ಟೋಕನ್ ಅಳಿಸಿ ಲಾಗಿನ್ ಪುಟ ತೆರೆಯುತ್ತೇನೆ.

ಜೋಳದರೊಟ್ಟಿ · ಗುರುವಾರ, ರಾತ್ರಿ 9:40

ಅಲ್ರೀ! ಟೈಮೌಟ್ ಆದರೂ ಲಾಗೌಟ್, ಸರ್ವರ್ ತಾನೇ ಕೆಟ್ಟು 500 ಕೊಟ್ಟರೂ ಲಾಗೌಟ್. ಬಸ್‌ಸ್ಟ್ಯಾಂಡಿನ ಫ್ರೀ ವೈಫೈ ತನ್ನದೇ ಪುಟ ತುರುಕಲು ಹೋಗಿ ಸರ್ಟಿಫಿಕೇಟ್ ಎರರ್ ಬಂದರೂ ಲಾಗೌಟ್. ಅಂಗಡಿ ಬಾಗಿಲು ಹಾಕಿದೆ ಅಂತ ಸಾಲದ ಪುಸ್ತಕ ಸುಟ್ಟ ಹಾಗಾಯ್ತು.

"ಈ ಟೋಕನ್ ನಡೆಯುವುದಿಲ್ಲ" ಅಂತ ನಿಮ್ಮ ಸರ್ವರ್ ಬಾಯಿಬಿಟ್ಟು ಹೇಳಿದಾಗ ಮಾತ್ರ ಅಳಿಸಿ. ಒಆಥ್‌ನಲ್ಲಿ ಅದಕ್ಕೆ 400 ಮತ್ತು ಇನ್‌ವ್ಯಾಲಿಡ್ ಗ್ರ್ಯಾಂಟ್ ಅನ್ನುವ ಪದ ಇದೆ. ಅದು ಬಿಟ್ಟು ಬೇರೆ ಏನೇ ಬಂದರೂ ಟೋಕನ್ ಮುಟ್ಟಬೇಡಿ. ಹಳೇ ರೇಟನ್ನೇ ತೋರಿಸಿ, "ನೆಟ್‌ವರ್ಕ್ ಇಲ್ಲ, ಇದು ಬೆಳಗಿನ ರೇಟು" ಅಂತ ಬರೆಯಿರಿ.

ಸೇಬು_ಸಾಲ · ಗುರುವಾರ, ರಾತ್ರಿ 10:10

ಐಫೋನ್‌ಗೆ ಮಾಡುವಾಗ ಎರಡು ವಿಷಯ. ಸದಸ್ಯರ ಹತ್ತಿರ ಇಲ್ಲದಿದ್ದರೂ ಬೆಂಗಳೂರಿನಲ್ಲಿರುವ ಮಕ್ಕಳ ಹತ್ತಿರ ಇರುತ್ತದೆ.

ಐಫೋನಿನ ಗುಟ್ಟಿನ ಪೆಟ್ಟಿಗೆಯಾದ ಕೀಚೈನ್‌ನಲ್ಲಿಟ್ಟ ಟೋಕನ್ ಆ್ಯಪ್ ತೆಗೆದುಹಾಕಿದರೂ ಉಳಿಯುತ್ತದೆ. ಮತ್ತೆ ಹಾಕಿಕೊಂಡಾಗ ಯಾರದೋ ಹಳೇ ಟೋಕನ್ ಎದ್ದು ಬರುತ್ತದೆ. ಆ್ಯಪ್‌ನ ಸೆಟ್ಟಿಂಗ್ ಇಡುವ ಯೂಸರ್ ಡಿಫಾಲ್ಟ್ಸ್ ಹಾಗಲ್ಲ, ಆ್ಯಪ್ ಜೊತೆಗೇ ಹೋಗುತ್ತದೆ. ಅದರಲ್ಲಿ ಒಂದು ಗುರುತು ಇಟ್ಟು, ಗುರುತು ಇಲ್ಲದಿದ್ದರೆ ಕೀಚೈನ್ ತೊಳೆಯಿರಿ.

ಎರಡನೆಯದು ನನ್ನನ್ನು ಒಂದು ತಿಂಗಳು ಕಾಡಿದ್ದು. ಟೋಕನ್ನನ್ನು "ಫೋನ್ ಅನ್‌ಲಾಕ್ ಆಗಿದ್ದಾಗ ಮಾತ್ರ ಓದು" ಅನ್ನುವ ಸೆಟ್ಟಿಂಗ್‌ನಲ್ಲಿ ಇಟ್ಟಿದ್ದೆ. ರಾತ್ರಿ ಫೋನ್ ಲಾಕ್ ಆಗಿರುವಾಗ ಆ್ಯಪ್ ಹಿನ್ನೆಲೆಯಲ್ಲಿ ಎದ್ದು ಓದಲು ಹೋಗುತ್ತಿತ್ತು. ಸಿಗುತ್ತಿರಲಿಲ್ಲ. ನನ್ನ ಕೋಡ್ "ಟೋಕನ್ ಇಲ್ಲ, ಹಾಗಾದರೆ ಲಾಗೌಟ್" ಅನ್ನುತ್ತಿತ್ತು. ಬೆಳಗ್ಗೆ ಎದ್ದವರಿಗೆ ಲಾಗಿನ್ ಪುಟ. ಆಫ್ಟರ್ ಫಸ್ಟ್ ಅನ್‌ಲಾಕ್ (ಫೋನ್ ಆನ್ ಆದ ಮೇಲೆ ಒಮ್ಮೆ ಅನ್‌ಲಾಕ್ ಆಗಿದ್ದರೆ ಸಾಕು) ಅನ್ನುವುದಕ್ಕೆ ಬದಲಾಯಿಸಿದ ಮೇಲೆ ನಿಂತಿತು.

ಜೋಳದರೊಟ್ಟಿ · ಗುರುವಾರ, ರಾತ್ರಿ 10:25

ನಮ್ಮ ಕಡೆ ಅದರ ಅಣ್ಣ ಇದ್ದಾನೆ. ಟೋಕನ್ನನ್ನು ಕೀಸ್ಟೋರ್ ಕೀಲಿಯಿಂದ ಬೀಗ ಹಾಕಿ ಫೈಲಿನಲ್ಲಿ ಇಡುತ್ತೇವೆ. ಆಂಡ್ರಾಯ್ಡ್ 6ರಿಂದ ಆಟೋ ಬ್ಯಾಕಪ್ ಬಂದಿದೆಯಲ್ಲ, ಅದು ಫೈಲನ್ನು ಹೊಸ ಫೋನಿಗೆ ಸಾಗಿಸುತ್ತದೆ. ಕೀಲಿ ಹಳೇ ಫೋನಿನಲ್ಲೇ ಉಳಿಯುತ್ತದೆ. ಹೊಸ ಫೋನಿನಲ್ಲಿ ತೆರೆದ ಕೂಡಲೇ ಆ್ಯಪ್ ಕ್ರ್ಯಾಶ್. ಆ ಫೈಲನ್ನು ಬ್ಯಾಕಪ್‌ನಿಂದ ಹೊರಗಿಡಿ.

ಬೀಗದಕೈ · ಶುಕ್ರವಾರ, ಬೆಳಗ್ಗೆ 7:15

ಎಲ್ಲರೂ ಲಾಗಿನ್ ಉಳಿಸುವ ಮಾತೇ ಆಡುತ್ತಿದ್ದೀರಿ. ಒಂದು ಮನೆಯಲ್ಲಿ ಒಂದೇ ಫೋನ್ ಇರುತ್ತದೆ, ನಾಲ್ಕು ಜನ ಮುಟ್ಟುತ್ತಾರೆ. ಅಪ್ಪನ ಮುಂಗಡ ಎಷ್ಟು ಬಾಕಿ ಅಂತ ಮನೆಗೆ ಬಂದ ನೆಂಟರೂ ನೋಡಬೇಕಾ? ರೇಟಿಗೆ 60 ದಿನ ಲಾಗಿನ್ ಇರಲಿ. ಖಾತೆ ಪುಟಕ್ಕೆ ಹೋಗುವಾಗ ಮಾತ್ರ ಫೋನಿನ ಪಿನ್ ಅಥವಾ ಬೆರಳಚ್ಚು ಕೇಳಿ. ಅದಕ್ಕೆ ಎಸ್‌ಎಂಎಸ್ ಬೇಡ, ನೆಟ್‌ವರ್ಕೂ ಬೇಡ.

ಮತ್ತೆ ಮೊಬೈಲ್ ನಂಬರ್ ಅನ್ನುವುದು ಶಾಶ್ವತ ಅಲ್ಲ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆ ಹೊಸಬರು ನಿಮ್ಮ ಆ್ಯಪ್ ಹಾಕಿಕೊಂಡು ಒಟಿಪಿ ಕೊಟ್ಟರೆ ಹಳೇ ಸದಸ್ಯರ ಖಾತೆ ತೆರೆಯುತ್ತದೆ. ಹೊಸ ಫೋನಿನಿಂದ ಮೊದಲ ಸಲ ಬಂದರೆ ಒಟಿಪಿ ಜೊತೆಗೆ ಇನ್ನೇನಾದರೂ ಕೇಳಿ.

ಘಟ್ಟದ_ಕೋಡರ್ · ಶುಕ್ರವಾರ, ಬೆಳಗ್ಗೆ 8:00

ಇದು ನನಗೆ ಹೊಳೆದೇ ಇರಲಿಲ್ಲ. ಪಾಸ್‌ಬುಕ್ಕಿನ ಮೇಲೆ ಸದಸ್ಯತ್ವ ನಂಬರ್ ಇರುತ್ತದೆ. ಗುಟ್ಟಿನ ನಂಬರ್ ಏನಲ್ಲ, ಆದರೆ ದಾರಿಹೋಕರಿಗೆ ಗೊತ್ತಿರುವುದಿಲ್ಲ. ಅದನ್ನೇ ಕೇಳುತ್ತೇನೆ.

ಘಟ್ಟದ_ಕೋಡರ್ · ಮೂರು ವಾರದ ನಂತರ, ಶನಿವಾರ ರಾತ್ರಿ 9:00

ವರದಿ ಕೊಡಬೇಕಲ್ಲ. ತಾಯಿ-ಮರಿ ಲೆಕ್ಕ, ಲಾಕ್, ಕ್ಯಾಚ್‌ನ ಲಾಗೌಟ್ ತೆಗೆದದ್ದು, ಬ್ಯಾಕಪ್ ಎಲ್ಲ ಸೇರಿಸಿ ಹೊಸ ಆವೃತ್ತಿ ಬಿಟ್ಟೆ. ಈ ವಾರ "ಹಳೇದು ಮತ್ತೆ ಬಂತು" ಒಂದೂ ಇಲ್ಲ. ಒಟಿಪಿಯ ಎಸ್‌ಎಂಎಸ್ ಖರ್ಚು ಕೂಡ ಇಳಿದಿದೆ. ಕಾರ್ಯದರ್ಶಿಯವರಿಗೆ ಖುಷಿಯಾದದ್ದು ಅದೊಂದೇ.

ಒಂದು ಫೋನ್ ಮಾತ್ರ ವಿಚಿತ್ರ. ಲಾಗ್‌ನಲ್ಲಿ ನೋಡಿದರೆ ಪ್ರತಿ ರಿಕ್ವೆಸ್ಟಿಗೂ ಒಂದು ರಿಫ್ರೆಶ್. ಬೆಳಗ್ಗೆಯಿಂದ ನೂರಾರು ಸಲ. ಲಾಗೌಟ್ ಆಗಿಲ್ಲ, ಆದರೆ ಆ್ಯಪ್ ಎಮ್ಮೆ ನಡೆದ ಹಾಗೆ ನಡೆಯುತ್ತದಂತೆ.

ರಾತ್ರಿ_ಪಾಳಿ · ಶನಿವಾರ, ರಾತ್ರಿ 9:12

ಟೋಕನ್ ಅವಧಿ ಮುಗಿಯಿತಾ ಅಂತ ಆ್ಯಪ್ ಮೊದಲೇ ನೋಡಿಕೊಳ್ಳುತ್ತದಾ? ಯಾವ ಗಡಿಯಾರ ನೋಡಿ?

ಘಟ್ಟದ_ಕೋಡರ್ · ಶನಿವಾರ, ರಾತ್ರಿ 9:15

ಸರ್ವರ್ ಕೊಟ್ಟ ಮುಕ್ತಾಯದ ಸಮಯವನ್ನು ಫೋನಿನ ಗಡಿಯಾರದ ಜೊತೆ ಹೋಲಿಸುತ್ತೇನೆ. ಓ... ತಡೀರಿ.

ಘಟ್ಟದ_ಕೋಡರ್ · ಭಾನುವಾರ, ಬೆಳಗ್ಗೆ 11:20

ಅವರ ಮನೆಗೇ ಹೋಗಿ ಬಂದೆ. ಫೋನಿನ ದಿನಾಂಕ ಎರಡು ದಿನ ಮುಂದಿತ್ತು. ಸರ್ವರ್ ಕೊಟ್ಟ 15 ನಿಮಿಷದ ಟೋಕನ್ ಆ ಫೋನಿನ ಲೆಕ್ಕದಲ್ಲಿ ಹುಟ್ಟುವಾಗಲೇ ಸತ್ತಿರುತ್ತಿತ್ತು. ಮೊಮ್ಮಗ ಯಾವುದೋ ಗೇಮಿನಲ್ಲಿ ಬೇಗ ಲೈಫ್ ಸಿಗಲಿ ಅಂತ ದಿನಾಂಕ ಮುಂದೆ ಮಾಡಿದ್ದನಂತೆ. ಸರಿ ಮಾಡಲು ಹೋದರೆ ಅವನು ಬಿಡಲಿಲ್ಲ, ಅಳು ಶುರು ಮಾಡಿದ. ಆ ಹೋಲಿಕೆಯ ಕೋಡನ್ನೇ ತೆಗೆದೆ. 401 ಬಂದರೆ ಮಾತ್ರ ರಿಫ್ರೆಶ್. ಫೋನಿನ ದಿನಾಂಕ ಇನ್ನೂ ಎರಡು ದಿನ ಮುಂದೇ ಇದೆ.